ದೋಸೆ ಹಂಚು ಬಿಸಾಡಿದರೆ ಪೀಫಾಸ್ ಭಯ ಹೋಗುತ್ತದೆಯೇ?

ಪ್ರಶ್ನೆ: ನನಗೆ 29 ವರ್ಷ, ಊರು ದಾವಣಗೆರೆ. ಮಗುವಿಗೆ ನಾಲ್ಕು ತಿಂಗಳು, ಬರೀ ಎದೆಹಾಲು ಕುಡಿಯುತ್ತಿದೆ. ಮದುವೆಗೆ ಉಡುಗೊರೆ ಬಂದಿದ್ದ ನಾನ್‌ಸ್ಟಿಕ್ ದೋಸೆ ಹಂಚಿನ ಕಪ್ಪು ಪದರ ಅಲ್ಲಲ್ಲಿ ಎದ್ದಿದೆ. ಅದರಲ್ಲಿ ‘ಫಾರೆವರ್ ಕೆಮಿಕಲ್’ ಇರುತ್ತದೆ, ಕ್ಯಾನ್ಸರ್ ತರುತ್ತದೆ, ಎದೆಹಾಲಿಗೂ ಇಳಿಯುತ್ತದೆ ಎಂಬ ವಿಡಿಯೊ ನೋಡಿದ ಮೇಲೆ ನಿದ್ದೆ ಹಾರಿಹೋಗಿದೆ. 2014ರಿಂದ ಅಮೆರಿಕದ ವಿಲ್ಮಿಂಗ್ಟನ್‌ನಲ್ಲಿರುವ ನನ್ನ ಅಕ್ಕ, ತಮ್ಮ ಊರಿನ ನಲ್ಲಿ ನೀರಲ್ಲೂ ಇದೇ ಸಿಕ್ಕಿತ್ತು ಎನ್ನುತ್ತಾಳೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆಯಲ್ಲ, ಅದೂ ಇದೂ ಒಂದೇನಾ? ಎದೆಹಾಲು ನಿಲ್ಲಿಸಲೇ? ಆರ್‌ಒ ಹಾಕಿಸಿದರೆ ಸಾಕೇ? ನಾನು, ಅಕ್ಕ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಉತ್ತರ: ಎದೆಹಾಲು ನಿಲ್ಲಿಸಬೇಡಿ. ಮಿಕ್ಕಿದ್ದನ್ನೆಲ್ಲ ನಿಧಾನವಾಗಿ ಓದಿಕೊಳ್ಳಿ, ಇದೊಂದನ್ನು ಮಾತ್ರ ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ತಾಯಿಯ ರಕ್ತದಲ್ಲಿರುವ ಈ ‘ಫಾರೆವರ್ ಕೆಮಿಕಲ್’ಗಳಲ್ಲಿ, ಎಂದರೆ ಪೀಫಾಸ್ ಎಂಬ ಸುಲಭಕ್ಕೆ ನಾಶವಾಗದ ಫ್ಲೋರಿನ್ ರಾಸಾಯನಿಕಗಳಲ್ಲಿ, ಒಂದು ಪಾಲು ಹಾಲಿಗೆ ಇಳಿಯುವುದು ನಿಜ, ವಿಡಿಯೊದವರು ಅಷ್ಟರ ಮಟ್ಟಿಗೆ ಸುಳ್ಳು ಹೇಳಿಲ್ಲ. ಆದರೆ ನೀರೇ ಕೆಟ್ಟುಹೋದ ಊರುಗಳ ತಾಯಂದಿರಿಗೂ ಅಮೆರಿಕದ ಆರೋಗ್ಯ ಇಲಾಖೆ, ಅಲ್ಲಿನ ಮಕ್ಕಳ ವೈದ್ಯರ ಸಂಘ ಹೇಳುವುದು ಹಾಲು ಕೊಡುವುದನ್ನು ಮುಂದುವರಿಸಿ ಎಂದೇ. ಎದೆಹಾಲಿನಿಂದ ಮಗುವಿಗೆ ಸಿಗುವ ರಕ್ಷಣೆ ದೊಡ್ಡದು. ಪುಡಿ ಹಾಲು ಕಲಸುವುದೂ ನೀರಿನಲ್ಲೇ ತಾನೇ? ನೀರು ಕೆಟ್ಟಿದ್ದರೆ ಅದು ಬಾಟಲಿಯ ಮೂಲಕ ನೇರವಾಗಿಯೇ ಮಗುವಿನ ಹೊಟ್ಟೆ ಸೇರುತ್ತದೆ.

ಇನ್ನು ಹಂಚಿನ ವಿಚಾರ. ಆ ಕಪ್ಪು ಪದರದ ಹೆಸರು ಪಿಟಿಎಫ್‌ಇ, ಅಂಗಡಿಯ ಭಾಷೆಯಲ್ಲಿ ಟೆಫ್ಲಾನ್. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿ ಒಂದು ಅನಿಲದ ಸಿಲಿಂಡರ್‌ ತಿರುಗಿಸಿದರೆ ಅನಿಲವೇ ಬರಲಿಲ್ಲ. ತೂಕ ನೋಡಿದರೆ ಸಿಲಿಂಡರ್ ಖಾಲಿಯೂ ಅಲ್ಲ. ಗರಗಸದಿಂದ ಕೊಯ್ದು ನೋಡಿದಾಗ ಒಳಗೆ ಮೇಣದಂಥ ಬಿಳಿ ಪುಡಿ ಕೂತಿತ್ತು. ಆಮ್ಲಕ್ಕೆ ಕರಗದು, ಯಾವುದಕ್ಕೂ ಅಂಟದು. ಇವತ್ತು ನಿಮ್ಮ ಹಂಚಿನ ಮೇಲಿರುವುದು ಅದೇ ವಸ್ತು. ಎದ್ದು ಬಂದ ಚೂರು ದೋಸೆಯ ಜೊತೆ ಹೊಟ್ಟೆಗೆ ಹೋದರೆ ಜೀರ್ಣವಾಗದೆ, ರಕ್ತಕ್ಕೆ ಸೇರದೆ, ಬಂದ ಹಾಗೆಯೇ ಮಲದಲ್ಲಿ ಹೊರಗೆ ಹೋಗುತ್ತದೆ. ಅದರ ಅಣು ಅಷ್ಟು ಉದ್ದದ ಸರಪಳಿ, ಕರುಳಿನ ಗೋಡೆ ದಾಟಲು ಆಗುವುದಿಲ್ಲ.

ಹಾಗಾದರೆ ಹಂಚಿನಿಂದ ಏನೂ ತೊಂದರೆ ಇಲ್ಲವೇ? ಇದೆ, ಆದರೆ ಅದು ಶಾಖದ್ದು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪದರ ಹಾಳಾಗತೊಡಗುತ್ತದೆ, 350ರ ಆಚೆ ವಿಷದ ಹೊಗೆಯನ್ನೇ ಬಿಡುತ್ತದೆ. ನೀರು ಚಿಮುಕಿಸಿದಾಗ ಹನಿ ಉರುಳುರುಳಾಗಿ ಕುಣಿಯಿತು ಎಂದರೆ ಹಂಚು ಆಗಲೇ 200 ಡಿಗ್ರಿಯ ಆಸುಪಾಸಿನಲ್ಲಿದೆ ಎಂದರ್ಥ. ಹಿಟ್ಟು ಹುಯ್ದರೆ ಅದು ತಣಿಯುತ್ತದೆ. ದೊಡ್ಡ ಉರಿಯ ಮೇಲೆ ಖಾಲಿ ಹಂಚಿಟ್ಟು ಫೋನಿನಲ್ಲಿ ಮಾತಿಗೆ ನಿಂತಿರೋ, ಕೆಲವೇ ನಿಮಿಷದಲ್ಲಿ 260 ದಾಟಿಬಿಡುತ್ತದೆ. ಆ ಹೊಗೆ ಕುಡಿದವರಿಗೆ ಫ್ಲೂ ಬಂದಂತೆ ಚಳಿ, ಜ್ವರ, ಎದೆ ಬಿಗಿತ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಲವ್‌ಬರ್ಡ್ಸ್ ಸಾಕಿದ್ದರೆ ಅವು ಅಲ್ಲೇ ಸತ್ತು ಬೀಳಬಹುದು, ಹಕ್ಕಿಯ ಶ್ವಾಸಕೋಶ ಅಷ್ಟು ಸೂಕ್ಷ್ಮ. ನಿಮ್ಮ ಹಂಚು ಹೇಗೂ ಸವೆದಿದೆ, ಬಿಟ್ಟುಬಿಡಿ. ಕಬ್ಬಿಣದ ಹಂಚನ್ನು ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಉಜ್ಜಿ ಉಜ್ಜಿ ಪಳಗಿಸಿದರೆ ದೋಸೆ ಅದರಲ್ಲೂ ಏಳುತ್ತದೆ. ಬೆಣ್ಣೆದೋಸೆಯ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕೇ!

ಆದರೆ ಹಂಚು ಬಿಸಾಡಿ ಸಮಾಧಾನ ಪಟ್ಟುಕೊಂಡರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಜನರ ರಕ್ತದಲ್ಲಿ ಸಿಕ್ಕಿರುವುದು ಹಂಚಿನ ಪಿಟಿಎಫ್‌ಇ ಅಲ್ಲ. ಅದನ್ನು ತಯಾರಿಸುವಾಗ ಕಾರ್ಖಾನೆಯಲ್ಲಿ ಬಳಸುತ್ತಿದ್ದ, ಸಾಬೂನಿನಂತೆ ಕೆಲಸ ಮಾಡುವ ಪಿಎಫ್‌ಒಎ, ಮತ್ತು ಅದರದೇ ದಾಯಾದಿಯಾದ ಪಿಎಫ್‌ಒಎಸ್. ಇವು ಸಣ್ಣ ಅಣುಗಳು, ನೀರಿನಲ್ಲಿ ಸಲೀಸಾಗಿ ಹರಡುತ್ತವೆ. ಇವನ್ನೂ, ಇಂಥ ಇನ್ನೂ ಹತ್ತು ಸಾವಿರಕ್ಕೂ ಮಿಕ್ಕಿದ ರಾಸಾಯನಿಕಗಳನ್ನೂ ಒಟ್ಟಾಗಿ ಪಿಎಫ್‌ಎಎಸ್ ಎನ್ನುತ್ತಾರೆ. ಮಾತಿನಲ್ಲಿ ಪೀಫಾಸ್. ಕೊಳ್ಳುವವರು ಹೆದರಬೇಕಾದ್ದು ಕಡಿಮೆ, ಕಾರ್ಖಾನೆಯ ಮೋರಿಯ ಕೆಳಗಡೆ ಇರುವವರು ಹೆದರಬೇಕಾದ್ದು ಹೆಚ್ಚು. ಈ ಉತ್ತರದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ನಿಮ್ಮ ಫ್ಲೋರೈಡ್ ಪ್ರಶ್ನೆ ಬಹಳ ಒಳ್ಳೆಯದು. ನಮ್ಮಲ್ಲಿ ಎಷ್ಟೋ ಜನ ಎರಡನ್ನೂ ಕಲಸಿಕೊಳ್ಳುತ್ತಾರೆ. ಜಗಳೂರು, ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಮಕ್ಕಳ ಹಲ್ಲು ಕಂದುಗಟ್ಟುವುದು, ವಯಸ್ಸಾದವರ ಸೊಂಟ ಬಗ್ಗಿಹೋಗುವುದು ಬಂಡೆಯೊಳಗಿನ ಖನಿಜದಿಂದ ನೀರಿಗೆ ಇಳಿದ ಫ್ಲೋರೈಡಿನಿಂದ. ಅದು ಪ್ರಕೃತಿಯದೇ. ಬೋರ್ ಆಳಕ್ಕೆ ಹೋದಂತೆಲ್ಲ ಮೇಲೆ ಬರುತ್ತಿದೆ, ಅಷ್ಟೇ. ಪೀಫಾಸ್‌ನಲ್ಲೂ ಫ್ಲೋರಿನ್ ಇದೆ, ಆದರೆ ಅದು ಇಂಗಾಲಕ್ಕೆ ಬೆಸೆದುಕೊಂಡಿದೆ. ಇಂಗಾಲದ ರಸಾಯನ ಶಾಸ್ತ್ರದಲ್ಲಿ ಅತ್ಯಂತ ಗಟ್ಟಿಯಾದ ಬೆಸುಗೆಗಳಲ್ಲಿ ಅದೂ ಒಂದು. ಬಿಸಿಲು, ಮಣ್ಣಿನ ಬ್ಯಾಕ್ಟೀರಿಯಾ, ನಮ್ಮ ಯಕೃತ್ತಿನ (ಲಿವರ್) ಕಿಣ್ವ ಯಾವುದಕ್ಕೂ ಅದು ಬಗ್ಗುವುದಿಲ್ಲ. ಹಾಗಾಗಿ ಪೀಫಾಸ್‌ನಿಂದ ಫ್ಲೋರೋಸಿಸ್ ಬರುವುದಿಲ್ಲ, ಫ್ಲೋರೈಡ್ ಪರೀಕ್ಷಿಸುವ ಕಿಟ್ಟಿನಲ್ಲಿ ಪೀಫಾಸ್ ತೋರುವುದೂ ಇಲ್ಲ.

ಪ್ರಮಾಣದಲ್ಲೂ ಅಜಗಜಾಂತರ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಲಿ, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಆಗಬಹುದು ಎನ್ನುತ್ತದೆ ನಮ್ಮ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನದಂಡ. ಪಿಎಫ್‌ಒಎಗೆ ಅಮೆರಿಕ 2024ರಲ್ಲಿ ಇಟ್ಟ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ಎಂದರೆ ಫ್ಲೋರೈಡ್ ಮಿತಿಯ ಎರಡೂವರೆ ಲಕ್ಷದಲ್ಲಿ ಒಂದು ಪಾಲು. ಒಂದೇ ಒಂದು ಗ್ರಾಂ ಪಿಎಫ್‌ಒಎ 25 ಕೋಟಿ ಲೀಟರ್ ನೀರನ್ನು ಈ ಮಿತಿಗೆ ತಂದು ನಿಲ್ಲಿಸುತ್ತದೆ. ಬೆಂಗಳೂರಿನಲ್ಲಿ ಓಡಾಡುವ 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಟ್ಯಾಂಕರ್.

ಅಷ್ಟು ಕಡಿಮೆಗೂ ಯಾಕೆ ಇಷ್ಟು ಗಲಾಟೆ ಎಂದರೆ, ಮೈಸೇರಿದ್ದು ಹೊರಗೆ ಹೋಗಲು ಒಪ್ಪುವುದಿಲ್ಲ. ಪಿಎಫ್‌ಒಎಯ ಆಕಾರ ಕೊಬ್ಬಿನಾಮ್ಲದ ಹಾಗೆಯೇ ಇದೆ. ಡಿಡಿಟಿಯಂತೆ ಇದು ಕೊಬ್ಬಿನಲ್ಲಿ ಅಡಗಿ ಕೂರುವುದಿಲ್ಲ, ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಮೈಯೆಲ್ಲ ಸುತ್ತುತ್ತದೆ. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ್ದನ್ನು ‘ಇದು ಬೇಕಾದ ವಸ್ತು’ ಎಂದುಕೊಂಡು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಹೆಣ್ಣು ಇಲಿಯ ಮೈಯಲ್ಲಿ ಪಿಎಫ್‌ಒಎ ಅರ್ಧಕ್ಕಿಳಿಯಲು ಕೆಲವೇ ಗಂಟೆ ಸಾಕು, ಮನುಷ್ಯರಲ್ಲಿ ಎರಡರಿಂದ ನಾಲ್ಕು ವರ್ಷ ಬೇಕು. ಪಿಎಫ್‌ಎಚ್‌ಎಕ್ಸ್‌ಎಸ್ ಎಂಬ ಇನ್ನೊಂದಕ್ಕೆ ಇನ್ನೂ ಹೆಚ್ಚು. ದಿನಾ ಒಂದು ಚಿಟಿಕೆ ಒಳಗೆ ಬಂದು, ಹೊರಗೆ ಹೋಗುವುದು ಮಾತ್ರ ವರ್ಷಗಟ್ಟಲೆ ತಡವಾದರೆ ಗಂಟು ಬೆಳೆಯದೆ ಇರುತ್ತದೆಯೇ?

ಇದರಿಂದ ಏನಾಗುತ್ತದೆ ಎಂಬುದು ಲೋಕಕ್ಕೆ ತಿಳಿದದ್ದು ಒಬ್ಬ ದನ ಸಾಕುವ ರೈತನಿಂದ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್‌ನಲ್ಲಿ ಡ್ಯೂಪಾಂಟ್‌ನ ಟೆಫ್ಲಾನ್ ಕಾರ್ಖಾನೆ ಇತ್ತು. ಅದಕ್ಕೆ ಬೇಕಾದ ಪಿಎಫ್‌ಒಎ 1951ರಿಂದ ತ್ರೀಎಂ ಕಂಪನಿಯಿಂದ ಬರುತ್ತಿತ್ತು. ಕಾರ್ಖಾನೆಯ ಕಸ ಸುರಿಯುವ ಜಾಗದಿಂದ ಇಳಿದು ಬರುವ ಹಳ್ಳದ ನೀರನ್ನು ವಿಲ್ಬರ್ ಟೆನ್ನಂಟ್ ಎಂಬ ರೈತನ ದನಗಳು ಕುಡಿಯುತ್ತಿದ್ದವು. ನೀರು ನೊರೆಗಟ್ಟತೊಡಗಿತು, ದನಗಳು ಒಂದೊಂದಾಗಿ ಸಾಯತೊಡಗಿದವು. ಊರಿನ ಪಶುವೈದ್ಯರಾಗಲಿ ವಕೀಲರಾಗಲಿ ಕಿವಿಗೊಡಲಿಲ್ಲ. ಆತ ಕ್ಯಾಮ್‌ಕಾರ್ಡರ್ ಹಿಡಿದು ನೊರೆಯನ್ನೂ, ಸತ್ತ ದನಗಳನ್ನೂ ಚಿತ್ರೀಕರಿಸಿಕೊಂಡ. 1998ರಲ್ಲಿ ಆ ಟೇಪುಗಳ ಡಬ್ಬ ರಾಬ್ ಬಿಲಾಟ್ ಎಂಬ ವಕೀಲರ ಕೈಸೇರಿತು. ತಮಾಷೆ ಎಂದರೆ, ಬಿಲಾಟ್ ಅಲ್ಲಿಯ ತನಕ ರಾಸಾಯನಿಕ ಕಂಪನಿಗಳ ಪರವಾಗಿಯೇ ವಕಾಲತ್ತು ಮಾಡುತ್ತಿದ್ದವರು. ನ್ಯಾಯಾಲಯದ ಆದೇಶದ ಮೇಲೆ ಕಂಪನಿ ಒಂದು ಲಕ್ಷಕ್ಕೂ ಹೆಚ್ಚು ಪುಟಗಳ ಕಡತ ಒಪ್ಪಿಸಬೇಕಾಯಿತು. ಅದರಲ್ಲಿ ಎಲ್ಲ ಇತ್ತು. 1981ರಲ್ಲೇ ಟೆಫ್ಲಾನ್ ವಿಭಾಗದಿಂದ ಹೆಣ್ಣುಮಕ್ಕಳನ್ನು ಬೇರೆಡೆಗೆ ಹಾಕಿದ್ದರು. 1984ರಲ್ಲಿ ಸುತ್ತಲಿನ ಅಂಗಡಿಗಳ ನಲ್ಲಿ ನೀರನ್ನು ಸದ್ದಿಲ್ಲದೆ ತುಂಬಿಸಿಕೊಂಡು ಹೋಗಿ ಪರೀಕ್ಷಿಸಿದ್ದರು, ಪಿಎಫ್‌ಒಎ ಸಿಕ್ಕಿತ್ತು. ಊರಿಗೆ ಹೇಳಿರಲಿಲ್ಲ.

2004ರ ರಾಜಿಯಲ್ಲಿ ಸಿಕ್ಕ ಹಣವನ್ನು ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಅದರ ಬದಲು ಅದನ್ನು ಒಂದು ದೊಡ್ಡ ಆರೋಗ್ಯ ಸಮೀಕ್ಷೆಗೆ ಹಾಕಿದರು. ಸುಮಾರು 69 ಸಾವಿರ ಜನ ಪ್ರಶ್ನಾವಳಿ ತುಂಬಿ ರಕ್ತ ಕೊಟ್ಟರು, ಕೊಟ್ಟವರಿಗೆ ತಲಾ 400 ಡಾಲರ್. ಇಷ್ಟು ಜನರ ಮಾಹಿತಿ ಹಿಡಿದು ಸ್ವತಂತ್ರ ವಿಜ್ಞಾನಿಗಳ ಸಮಿತಿ ವರ್ಷಗಟ್ಟಲೆ ಕೂತು, ಆರು ಕಾಯಿಲೆಗಳಿಗೂ ಪಿಎಫ್‌ಒಎಗೂ ನಂಟಿರುವುದು ಸಂಭವನೀಯ ಎಂದಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ತೊಂದರೆ, ದೊಡ್ಡ ಕರುಳಿನ ಹುಣ್ಣು, ಬಸಿರಿನಲ್ಲಿ ಏರುವ ಬಿಪಿ, ಹೆಚ್ಚಿದ ಕೊಲೆಸ್ಟ್ರಾಲ್. ಇವತ್ತಿಗೂ ಪಿಎಫ್‌ಒಎ ಬಗ್ಗೆ ಯಾರೇ ಮಾತಾಡಿದರೂ ಬುಡದಲ್ಲಿ ಇರುವುದು ಈ ಪಟ್ಟಿಯೇ. 2017ರಲ್ಲಿ ಮೂರೂವರೆ ಸಾವಿರ ದಾವೆಗಳಿಗೆ 67 ಕೋಟಿ ಡಾಲರ್ ಪರಿಹಾರ ತೀರ್ಮಾನವಾಯಿತು. ಟೆನ್ನಂಟ್ 2009ರಲ್ಲೇ ತೀರಿಕೊಂಡಿದ್ದ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2023ರಲ್ಲಿ ಪಿಎಫ್‌ಒಎಯನ್ನು ಮೊದಲ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥವುಗಳ ಗುಂಪಿಗೆ ಸೇರಿಸಿತು. ವಿಡಿಯೊದವರು ಕೂಗುವುದು ಇದನ್ನೇ. ಆದರೆ ಅದೇ ಗುಂಪಿನಲ್ಲಿ ನಿಮ್ಮ ಚನ್ನಗಿರಿಯ ಅಡಿಕೆಯೂ ಇದೆ, 2004ರಿಂದ. ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನಷ್ಟೇ ಆ ಗುಂಪು ಹೇಳುತ್ತದೆ, ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನಲ್ಲ.

ನನ್ನನ್ನು ಕೇಳಿದರೆ ಕ್ಯಾನ್ಸರ್‌ಗಿಂತ ಮಕ್ಕಳ ರೋಗನಿರೋಧಕ ಶಕ್ತಿಯ ಸಂಗತಿ ಹೆಚ್ಚು ಗಮನ ಬೇಡುತ್ತದೆ. ಉತ್ತರ ಅಟ್ಲಾಂಟಿಕ್‌ನ ಫ್ಯಾರೋ ದ್ವೀಪಗಳಲ್ಲಿ ತಿಮಿಂಗಿಲದ ಮಾಂಸ ಊಟದ ಭಾಗ. ಅಲ್ಲಿನ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಫಿಲಿಪ್ ಗ್ರಾಂಜಾನ್ ತಂಡ 2012ರಲ್ಲಿ ಪ್ರಕಟಿಸಿದ್ದು ಇದು: ರಕ್ತದಲ್ಲಿ ಪೀಫಾಸ್ ಇಮ್ಮಡಿಯಾದರೆ ಧನುರ್ವಾಯು, ಗಂಟಲುಮಾರಿ ಲಸಿಕೆಯಿಂದ ಹುಟ್ಟುವ ಪ್ರತಿಕಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದಿರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ, ನಾಲ್ಕು ಮುಖ್ಯ ಪೀಫಾಸ್ ಸೇರಿ ವಾರಕ್ಕೆ ದೇಹತೂಕದ ಕಿಲೋ ಒಂದಕ್ಕೆ 4.4 ನ್ಯಾನೊಗ್ರಾಂ ಮೀರಬಾರದು ಎಂದದ್ದೂ ಮಕ್ಕಳ ಲಸಿಕೆಯ ಈ ಲೆಕ್ಕ ಹಿಡಿದೇ. ಇದನ್ನು ಓದಿ ಲಸಿಕೆಯೇ ವ್ಯರ್ಥ ಎಂದುಕೊಳ್ಳಬೇಡಿ, ಅರ್ಥ ಅದರ ತದ್ವಿರುದ್ಧ. ನಿಮ್ಮ ಮಗುವಿಗೆ 14ನೇ ವಾರದ ಪೆಂಟಾವೇಲೆಂಟ್ ಆಗಿರಬೇಕು, ಒಂಬತ್ತು ತುಂಬಿದಾಗ ದಡಾರದ್ದು ಬರುತ್ತದೆ. ಒಂದನ್ನೂ ತಪ್ಪಿಸಬೇಡಿ.

ಈಗ ನಮಗೆ ಹತ್ತಿರದ ಕಥೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನಮ್ಮ ಪತ್ರಿಕೆಗಳಲ್ಲಿ ಬರಬೇಕಾದಷ್ಟು ಬಂದಿಲ್ಲ.

ಉತ್ತರ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ, ವಿಚೆಂಜಾ ನಗರದ ಹತ್ತಿರ, ತ್ರಿಸ್ಸಿನೊ ಎಂಬ ಊರಿದೆ. ಅಲ್ಲಿ 1960ರ ದಶಕದಲ್ಲಿ ಆರಂಭವಾಗಿ ಮುಂದೆ ಮಿತೇನಿ ಎಂಬ ಹೆಸರು ಪಡೆದ ಕಾರ್ಖಾನೆಯೊಂದು ಪೀಫಾಸ್ ತಯಾರಿಸುತ್ತಿತ್ತು. ಅದು ಕೂತಿದ್ದ ಜಾಗದ ಕೆಳಗೇ ದೊಡ್ಡ ಅಂತರ್ಜಲದ ಸೆಲೆ. 2013ರಲ್ಲಿ ಇಟಲಿಯ ಸರ್ಕಾರಿ ಸಂಶೋಧಕರು ನದಿ ನೀರು, ನಲ್ಲಿ ನೀರು ಪರೀಕ್ಷಿಸಿದಾಗ ವಿಷಯ ಹೊರಬಿತ್ತು. ವಿಚೆಂಜಾ, ವೆರೋನಾ, ಪಾದುವಾ ಜಿಲ್ಲೆಗಳ ಮೂರು ಲಕ್ಷಕ್ಕೂ ಹೆಚ್ಚು ಜನ ದಶಕಗಳಿಂದ ಆ ನೀರನ್ನೇ ಕುಡಿಯುತ್ತಿದ್ದರು. ಮಕ್ಕಳ ರಕ್ತ ಪರೀಕ್ಷೆಯ ವರದಿಗಳು ಕೈಗೆ ಬಂದ ಮೇಲೆ 2017ರಲ್ಲಿ ತಾಯಂದಿರು ಒಗ್ಗೂಡಿದರು. ತಮ್ಮ ಮಗುವಿನ ರಕ್ತದಲ್ಲಿ ಎಷ್ಟು ಪಿಎಫ್‌ಒಎ ಇದೆ ಎಂಬ ಅಂಕಿಯನ್ನೇ ಬಿಳಿ ಟೀಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು ಬೀದಿಗಿಳಿದರು. ಕಾರ್ಖಾನೆ 2018ರಲ್ಲಿ ದಿವಾಳಿ ಎದ್ದಿತು. 1985ರಿಂದ 2018ರ ನಡುವೆ ಆ ಪ್ರದೇಶದಲ್ಲಿ ನಿರೀಕ್ಷೆಗಿಂತ ಸುಮಾರು 4 ಸಾವಿರ ಹೆಚ್ಚು ಸಾವು ಆಗಿದೆ ಎಂದು 2024ರ ಅಧ್ಯಯನವೊಂದು ಲೆಕ್ಕ ಹಾಕಿತು. 2025ರ ಜೂನ್‌ನಲ್ಲಿ ವಿಚೆಂಜಾ ನ್ಯಾಯಾಲಯ 11 ಮಂದಿ ಅಧಿಕಾರಿಗಳಿಗೆ ಜೈಲು ಶಿಕ್ಷೆ ವಿಧಿಸಿತು. ಅದರಲ್ಲಿ ಅತಿ ದೊಡ್ಡದು ಹದಿನೇಳೂವರೆ ವರ್ಷದ್ದು. ಪೀಫಾಸ್ ಮಾಲಿನ್ಯಕ್ಕೆ ಕಂಪನಿಯ ಮೇಲಿನವರು ಈ ಮಟ್ಟದ ಸಜೆ ಕಂಡದ್ದು ಬಲು ಅಪರೂಪ.

ದಿವಾಳಿಯಾದ ಆ ಕಾರ್ಖಾನೆಯ ಯಂತ್ರಗಳು ಎಲ್ಲಿ ಹೋದವು ಗೊತ್ತೇ? 2019ರ ಹರಾಜಿನಲ್ಲಿ ಮುಂಬಯಿಯ ರಾಸಾಯನಿಕ ಕಂಪನಿಯೊಂದು ಯಂತ್ರ, ಪೇಟೆಂಟ್‌ ಎಲ್ಲವನ್ನೂ ಕೊಂಡಿತು. ಯಂತ್ರಗಳನ್ನು ಬಿಡಿಬಿಡಿಯಾಗಿ ಕಳಚಿ ಹಡಗಿನಲ್ಲಿ ತಂದು ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶದಲ್ಲಿ ಜೋಡಿಸಲಾಯಿತು. ಮಂಗಳೂರಿನಿಂದ ಕೊಂಕಣ ರೈಲಿನಲ್ಲಿ ಮುಂಬಯಿಗೆ ಹೋಗುವವರು ಚಿಪ್ಳೂಣ್ ದಾಟಿದ ಮೇಲೆ ಇದರ ಆಸುಪಾಸಿನಲ್ಲೇ ಹಾದುಹೋಗುತ್ತಾರೆ. ಕೆಳಗೆ ವಾಸಿಷ್ಠಿ ನದಿ, ಆಮೇಲೆ ದಾಭೋಳ್ ಹಿನ್ನೀರು, ಆಮೇಲೆ ನಮ್ಮದೇ ಅರಬ್ಬಿ ಸಮುದ್ರ. ಅಲ್ಲೂ ಇಟಲಿಯಂತೆಯೇ ಆಗಿಬಿಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಇಟಲಿಯಲ್ಲಿ ಇದನ್ನು ಹಿಡಿದದ್ದು ನೀರಿನ ಪರೀಕ್ಷೆ. ನಮ್ಮಲ್ಲಿ ಹಾಗೆ ಪರೀಕ್ಷಿಸಬೇಕೆಂಬ ನಿಯಮವೇ ಇಲ್ಲ. ನನಗೆ ಕಸಿವಿಸಿಯಾಗುವುದು ಅದಕ್ಕೆ.

ಬಿಐಎಸ್‌ನ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಆರ್ಸೆನಿಕ್, ನೈಟ್ರೇಟ್, ಕೀಟನಾಶಕಗಳ ಪಟ್ಟಿ ಎಲ್ಲ ಇದೆ, ಪೀಫಾಸ್ ಇಲ್ಲ. ಯುರೋಪು 20 ಪೀಫಾಸ್‌ಗಳ ಮೊತ್ತಕ್ಕೆ ಲೀಟರಿಗೆ 100 ನ್ಯಾನೊಗ್ರಾಂ ಮಿತಿ ಹಾಕಿ 2026ರ ಜನವರಿಯಿಂದ ಜಾರಿಗೆ ತಂದಿದೆ. ಬೇಗ ನಾಶವಾಗದ ವಿಷಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯಲ್ಲಿ ಪಿಎಫ್‌ಒಎಸ್ 2009ರಲ್ಲೇ ಸೇರಿತ್ತು, ಪಿಎಫ್‌ಒಎ 2019ರಲ್ಲಿ. ಎಂಡೋಸಲ್ಫಾನ್ 2011ರಲ್ಲಿ ಸೇರಿದ್ದೂ ಇದೇ ಪಟ್ಟಿಗೆ. ಕೊಕ್ಕಡ, ಪಟ್ರಮೆಯ ಗೇರು ತೋಟಗಳ ಸುತ್ತಲಿನ ಮನೆಗಳ ಕಥೆ ಗೊತ್ತಿರುವವರಿಗೆ ಈ ಪಟ್ಟಿ ಯಾಕೆ ಮುಖ್ಯ ಎಂದು ವಿವರಿಸಬೇಕಿಲ್ಲ. ಭಾರತ ಈ ಒಪ್ಪಂದದ ಸದಸ್ಯ ರಾಷ್ಟ್ರವೇ, ಆದರೆ ಪಟ್ಟಿಗೆ ಸೇರುವ ಹೊಸ ರಾಸಾಯನಿಕಗಳನ್ನು ಒಂದೊಂದಾಗಿ ಒಪ್ಪುತ್ತದೆ. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಏಳರಲ್ಲಿ ಪಿಎಫ್‌ಒಎಸ್ ಇರಲಿಲ್ಲ. ಒಂದು ಒಳ್ಳೆಯ ಸುದ್ದಿ ಎಂದರೆ, ಆಹಾರಕ್ಕೆ ತಾಗುವ ಪ್ಯಾಕಿಂಗ್‌ನಲ್ಲಿ ಪೀಫಾಸ್ ಬಳಸಬಾರದು ಎಂಬ ಕರಡನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರಲ್ಲಿ ಹೊರಡಿಸಿತು. ಡೆನ್ಮಾರ್ಕ್ ಕಾಗದದ ಪ್ಯಾಕಿಂಗ್‌ಗೆ 2020ರಲ್ಲೇ ಇಂಥ ನಿಷೇಧ ತಂದಿದೆ. ಫ್ರಾನ್ಸ್ 2025ರಲ್ಲಿ ಬಟ್ಟೆ, ಪ್ರಸಾಧನಗಳಿಗೆ ನಿಷೇಧ ಹಾಕಿದರೂ ಬಾಣಲೆ ಹಂಚುಗಳನ್ನು ಬಿಟ್ಟುಕೊಟ್ಟಿತು. ನಾನ್‌ಸ್ಟಿಕ್ ಪಾತ್ರೆಯ ಟೆಫಾಲ್ ಕಂಪನಿ ಹುಟ್ಟಿದ ದೇಶ ನೋಡಿ, ಅದರ ಕಾರ್ಮಿಕರೇ ಪ್ಯಾರಿಸ್‌ಗೆ ಬಂದು ಪ್ರತಿಭಟಿಸಿದ್ದರು.

ನಮ್ಮ ನೀರಿನಲ್ಲಿ ಹುಡುಕಿದವರಿಗೆ ಸಿಕ್ಕಿದೆಯೇ ಎಂದರೆ, ಹೌದು. ಗಂಗಾ ಕಣಿವೆಯಲ್ಲಿ ಸಿಕ್ಕಿದೆ, ಐಐಟಿ ಮದ್ರಾಸಿನವರು ಚೆನ್ನೈ ಸುತ್ತಮುತ್ತ ನೋಡಿದಾಗಲೂ ಸಿಕ್ಕಿದೆ. ಕರ್ನಾಟಕದಲ್ಲಿ ನಾನಾದರೆ ಎರಡು ಕಡೆ ಮೊದಲು ನೋಡುತ್ತೇನೆ. ಒಂದು, ಪೆಟ್ರೋಲ್ ಬೆಂಕಿ ಆರಿಸುವ ನೊರೆಯನ್ನು ತರಬೇತಿಗಾಗಿ ಸುರಿಯುವ ಜಾಗಗಳು, ಎಂದರೆ ವಿಮಾನ ನಿಲ್ದಾಣ, ತೈಲ ಡಿಪೋಗಳ ಅಂಗಳ. ಸ್ವೀಡನ್ನಿನ ರೊನ್ನೆಬಿ ಊರಿನ ನೀರು ಕೆಟ್ಟದ್ದು ವಾಯುಪಡೆಯ ನೆಲೆಯೊಂದರ ಇಂಥ ನೊರೆಯಿಂದ. ರಕ್ತದಲ್ಲಿ ಪೀಫಾಸ್ ಹೆಚ್ಚಾಗಿರುವುದೇ ದೇಹಕ್ಕಾದ ಹಾನಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿತು. ಎರಡನೆಯದು ನಗರದ ಕೊಳಚೆ ನೀರು. ಮಾಮೂಲಿ ಕೊಳಚೆ ಸಂಸ್ಕರಣಾ ಘಟಕ (ಎಸ್‌ಟಿಪಿ) ಪೀಫಾಸ್‌ ಅನ್ನು ತೆಗೆಯುವುದಿಲ್ಲ. ಒಳಗೆ ಹೋದ ಬೇರೆ ಫ್ಲೋರಿನ್ ರಾಸಾಯನಿಕಗಳು ಅಲ್ಲಿ ಒಡೆದು ಪಿಎಫ್‌ಒಎಯಂಥವೇ ಆಗಿ ಹೊರಗೆ ಬರುವುದೂ ಉಂಟು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಆ ಕೆರೆಗಳಿಂದ ಅಂತರ್ಜಲಕ್ಕೆ ಇಂಗುತ್ತಿದೆ. ಬರದ ಜಿಲ್ಲೆಗೆ ನೀರು ಬೇಕು, ಯೋಜನೆಯೇ ಬೇಡ ಎನ್ನುವವನಲ್ಲ ನಾನು. ಆ ನೀರಿನ ಪರೀಕ್ಷೆಯ ಪಟ್ಟಿಗೆ ಪೀಫಾಸ್‌ ಅನ್ನೂ ಸೇರಿಸಿ ಎನ್ನುತ್ತೇನೆ.

ಆರ್‌ಒ ಬಗ್ಗೆ ಕೇಳಿದ್ದೀರಿ. ಆರ್‌ಒ ಪೊರೆ ಪೀಫಾಸ್‌ನ ಬಹುಪಾಲನ್ನು ತಡೆಯುತ್ತದೆ, ಫ್ಲೋರೈಡನ್ನೂ ತಡೆಯುತ್ತದೆ. ಸಕ್ರಿಯ ಇಂಗಾಲದ ಫಿಲ್ಟರ್ ಉದ್ದ ಸರಪಳಿಯ ಪೀಫಾಸ್ ಅಣುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಗಿಡ್ಡವು ಬೇಗ ನುಸುಳುತ್ತವೆ. ಕುದಿಸಿದರೆ ಪ್ರಯೋಜನವಿಲ್ಲ. ನೀರು ಆವಿಯಾಗಿ ಪೀಫಾಸ್ ಉಳಿಯುವುದರಿಂದ ಸಾಂದ್ರತೆ ಒಂದು ಕೂದಲೆಳೆ ಹೆಚ್ಚೇ ಆಗುತ್ತದೆ. ಯುವಿ, ಕ್ಯಾಂಡಲ್ ಫಿಲ್ಟರ್, ತಾಮ್ರದ ಬಿಂದಿಗೆ ಯಾವುದೂ ಇದಕ್ಕೆ ಆಗಿಬರುವುದಿಲ್ಲ. ನಿಮ್ಮ ಬೀದಿಯಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಇದ್ದರೆ ಅದರೊಳಗಿರುವುದೂ ಆರ್‌ಒ ಪೊರೆಯೇ. ಪೊರೆ ಯಾವಾಗ ಬದಲಾಯಿಸಿದ್ದು ಎಂದು ಅಲ್ಲಿನವರನ್ನು ಕೇಳಿ. ಗೋಡೆಯ ಮೇಲೆ ದಿನಾಂಕ ಬರೆದಿರಬೇಕು, ಬಹಳ ಕಡೆ ಇರುವುದಿಲ್ಲ.

ಮಾರಾಟಕ್ಕೆ ಬರುವ ಹುಡುಗ ಪೆನ್ನಿನಂಥ ಟಿಡಿಎಸ್ ಮೀಟರನ್ನು ನಿಮ್ಮ ನಲ್ಲಿ ನೀರಿಗೆ ಅದ್ದಿ 450 ತೋರಿಸುತ್ತಾನೆ, ತನ್ನ ಯಂತ್ರದ ನೀರಿಗೆ ಅದ್ದಿ 40 ತೋರಿಸುತ್ತಾನೆ. ಇತ್ತೀಚೆಗೆ ‘ಫಾರೆವರ್ ಕೆಮಿಕಲ್ ಕೂಡ ಹೋಯ್ತು ಮೇಡಂ’ ಎಂದೂ ಸೇರಿಸುತ್ತಾರಂತೆ. ಆ ಮೀಟರ್ ಅಳೆಯುವುದು ಉಪ್ಪಿನಂಶವನ್ನು, ಅದೂ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. 4 ನ್ಯಾನೊಗ್ರಾಂ ಎಂದರೆ 0.000004 ಮಿಲಿಗ್ರಾಂ. ಮೀಟರಿನ ಕೊನೆಯ ಅಂಕಿ ಅಲುಗುವುದೂ ಇಲ್ಲ. ಫ್ಲೋರೈಡ್ ಹೆಚ್ಚಿದ್ದರೆ ಅದಕ್ಕಾಗಿಯೇ ಆರ್‌ಒ ಹಾಕಿಸಿ. ಬರೀ ಪೀಫಾಸ್ ಭಯಕ್ಕೆ ಸಾಲ ಮಾಡಿ ಹಾಕಿಸಿಕೊಳ್ಳಿ ಎಂದು ನಾನು ಹೇಳಲಾರೆ.

ಮನೆಯೊಳಗೆ ಮಿಕ್ಕಿದ್ದು ಸಣ್ಣಪುಟ್ಟ ವಿಷಯ. ‘ಪಿಎಫ್‌ಒಎ ಫ್ರೀ’ ಎಂಬ ಚೀಟಿ ನೋಡಿ ಮೋಸ ಹೋಗಬೇಡಿ, ಆ ಹಂಚಿನಲ್ಲೂ ಪಿಟಿಎಫ್‌ಇ ಇರಬಹುದು. ಪಿಎಫ್‌ಒಎ ಬದಲಿಗೆ ಬೇರೆ ಫ್ಲೋರಿನ್ ರಾಸಾಯನಿಕ ಬಳಸಿರಲೂಬಹುದು. ಕಲೆಯೇ ಹತ್ತದ ಸೋಫಾ ಬಟ್ಟೆ, ಜಿಡ್ಡೇ ಇಳಿಯದ ಪಾರ್ಸೆಲ್ ಡಬ್ಬಿ, ಮೈಕ್ರೋವೇವ್ ಪಾಪ್‌ಕಾರ್ನ್ ಚೀಲ, ನೀರಿಗೆ ಅಳಿಯದ ಮಸ್ಕಾರ, ಇವುಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ತಿಂಡಿ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬನ್ನಿ. ಮಗು ಅಂಬೆಗಾಲಿಡುವ ಹೊತ್ತಿಗೆ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಧೂಳಿನಲ್ಲೂ ಇದು ಇರುತ್ತದೆ. ಹಳೆಯ ಹಂಚನ್ನು ಮಾತ್ರ ಕಸದ ಜೊತೆ ಸುಡಬೇಡಿ, ಗುಜರಿಗೆ ಹಾಕಿ.

ಕೊನೆಗೆ ರಕ್ತ ಪರೀಕ್ಷೆ. ನಿಮಗೆ ಬೇಡ. ನೀರು ಕೆಟ್ಟಿದೆಯೆಂದು ಗೊತ್ತಾದ ಊರಿನಲ್ಲಿ ನೀವಿಲ್ಲ, ಅಂಥ ಕಾರ್ಖಾನೆಯಲ್ಲಿ ಕೆಲಸ ಮಾಡಿದವರೂ ಅಲ್ಲ. ಅಂಕಿ ಕೈಗೆ ಬಂದರೂ ಅದನ್ನಿಳಿಸುವ ಮಾತ್ರೆ ಇಲ್ಲ. ಆಸ್ಟ್ರೇಲಿಯಾದ ಅಗ್ನಿಶಾಮಕ ಸಿಬ್ಬಂದಿ 285 ಮಂದಿಯ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷ ಆಗಾಗ ಪ್ಲಾಸ್ಮಾ (ರಕ್ತದ ದ್ರವಭಾಗ) ದಾನ ಮಾಡಿದವರ ಪಿಎಫ್‌ಒಎಸ್ ಸುಮಾರು ಕಾಲು ಭಾಗದಷ್ಟು ಇಳಿದದ್ದು ನಿಜ. ಆದರೆ ಹಾಲುಣಿಸುವ ತಾಯಿ ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬಾರದು.

ನಿಮ್ಮ ಅಕ್ಕನ ವಿಷಯ ಬೇರೆ. ವಿಲ್ಮಿಂಗ್ಟನ್‌ಗೆ ನೀರು ಬರುವುದು ಕೇಪ್ ಫಿಯರ್ ನದಿಯಿಂದ. ಮೇಲ್ಗಡೆ ಫಯೆಟ್‌ವಿಲ್ ಬಳಿಯ ರಾಸಾಯನಿಕ ಕಾರ್ಖಾನೆಯಿಂದ, ಪಿಎಫ್‌ಒಎಗೆ ಬದಲಿಯಾಗಿ ತಂದ ಜೆನೆಕ್ಸ್ ಮತ್ತು ಅದರ ಬಳಗ ನದಿ ಸೇರುತ್ತಿತ್ತು. ಜನಕ್ಕೆ ಗೊತ್ತಾದದ್ದು 2017ರಲ್ಲಿ. ನಗರದ ಜಲಮಂಡಳಿ ದೊಡ್ಡ ಇಂಗಾಲದ ಫಿಲ್ಟರ್ ಕೂರಿಸಿದ್ದು 2022ರಲ್ಲಿ. ಎಂದರೆ ಆಕೆ ಎಂಟು ವರ್ಷ ಫಿಲ್ಟರ್ ಇಲ್ಲದ ನೀರು ಕುಡಿದಿದ್ದಾಳೆ, ಪರೀಕ್ಷೆ ಕೇಳುವುದು ನ್ಯಾಯವೇ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2022ರಲ್ಲಿ ವೈದ್ಯರಿಗೆ ಕೊಟ್ಟ ಸೂಚನೆಯ ಪ್ರಕಾರ, ಏಳು ಪೀಫಾಸ್‌ಗಳ ಮೊತ್ತ ಮಿಲಿಲೀಟರಿಗೆ 2 ನ್ಯಾನೊಗ್ರಾಂ ಒಳಗಿದ್ದರೆ ಯೋಚನೆ ಬೇಡ. 2ರಿಂದ 20ರ ನಡುವೆ ಇದ್ದರೆ ಒಳಬರುವ ದಾರಿ ಹುಡುಕಿ ಕಡಿಮೆ ಮಾಡಿಕೊಳ್ಳಬೇಕು, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಬೇಕು, ಬಸಿರಿದ್ದರೆ ಬಿಪಿ ಮೇಲೆ ಕಣ್ಣಿಡಬೇಕು. 20 ದಾಟಿದರೆ ಇವುಗಳ ಜೊತೆ ಥೈರಾಯ್ಡ್, ಮೂತ್ರಪಿಂಡದ ತಪಾಸಣೆಯೂ ಸೇರುತ್ತದೆ. ಒಂದು ಕಿವಿಮಾತು ತಲುಪಿಸಿ. ವಿಲ್ಮಿಂಗ್ಟನ್ ಜನರ ರಕ್ತದಲ್ಲಿ ಜೆನೆಕ್ಸ್ ಸಿಗಲಿಲ್ಲ, ಅದು ಬೇಗ ಹೊರಹೋಗುತ್ತದೆ. ಅದೇ ಕಾರ್ಖಾನೆಯ ‘ನಾಫಿಯಾನ್ ಉಪೋತ್ಪನ್ನ 2’ ಎಂಬಂಥ ಬೇರೆ ವಸ್ತುಗಳು ಸಿಕ್ಕವು. ಅಕಾಡೆಮಿಗಳ ಏಳರ ಪಟ್ಟಿಯಲ್ಲಿ ಅವು ಇಲ್ಲ. ಲ್ಯಾಬಿನವರು ಅವನ್ನೂ ಅಳೆಯುತ್ತಾರೆಯೇ ಎಂದು ಮೊದಲೇ ಕೇಳಿಕೊಂಡು, ಆಮೇಲೆ ದುಡ್ಡು ಕಟ್ಟಲಿ.